ಕಳಶ ಏಳದ ಬಿಲ್ಲೆಗಳು

ಹದಿನೆಂಟು ಚಿತ್ರಗಳಿದ್ದವು. ಬೇಕಾದದ್ದು ಎಂಟು. ನನ್ನ ಮೇಜನ್ನು ಒರೆಸಿಸಿ ಅದರ ಮೇಲೆ ಎಲ್ಲವನ್ನೂ ಹರಡಿದರು. ಶೆಡ್ಡಿನಲ್ಲಿ ಬೆಳಕು ನೆಟ್ಟಗೆ ಬೀಳುತ್ತಿದ್ದುದು ಅದೊಂದರ ಮೇಲೆಯೇ. ಮೇಜು ನನ್ನದಾದ್ದರಿಂದ ನಾನೂ ಅಲ್ಲೇ ನಿಂತೆ. ಯಾರೂ ಹೋಗು ಅನ್ನಲಿಲ್ಲ.

ಆ ಶೆಡ್ಡು ಚಾರ್‌ಮಿನಾರಿನ ಊರಿನ ಅಂಚಿಗೆ, ನಾಚಾರಂನಲ್ಲಿತ್ತು. ಎರಡು ಪ್ರೆಸ್ಸು, ಒಂದು ಭಟ್ಟಿ, ಹನ್ನೊಂದು ಮಂದಿ ಹೆಂಗಸರು. ಶಾಲೆಗಳಿಗೆ ಪದಕ, ಮದುವೆಯಲ್ಲಿ ಹಂಚುವ ಬೆಳ್ಳಿ ಕಾಸು, ಇಂಥವನ್ನು ಒತ್ತುತ್ತಿದ್ದೆವು. ಆಗ ಮಾದಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡ ಎಬ್ಬಿಸುವ ಕಾಲ. ನಮ್ಮ ಓಣಿಯ ಗಂಡಸರಲ್ಲಿ ಅರ್ಧ ಮಂದಿ ಅಲ್ಲೇ ಗಾರೆ ಹೊರುತ್ತಿದ್ದರು. ಅಂಥ ಒಂದು ಕಟ್ಟಡದ ಕಂಪ್ಯೂಟರ್ ಕಂಪನಿಯವರು ತಮ್ಮ ಪ್ರವೇಶದ ದಿನ ಪರದೇಶದ ಅತಿಥಿಗಳಿಗೆ ಸ್ಮಾರಕ ನಾಣ್ಯ ಕೊಡಬೇಕೆಂದು ನಮ್ಮಲ್ಲಿಗೆ ಬಂದರು. ಮಖಮಲ್ಲಿನ ಪೆಟ್ಟಿಗೆಯಲ್ಲಿ ಎಂಟು ಬೆಳ್ಳಿ ನಾಣ್ಯ. ನಾಲ್ಕರ ಮೇಲೆ ದೇಶದ ಕಾಡುಗಳು, ನಾಲ್ಕರ ಮೇಲೆ ಹೆಸರಾದ ಕಟ್ಟಡಗಳು. ಹಿಂಬದಿಗೆ ಎಂಟಕ್ಕೂ ಕಂಪನಿಯ ಗುರುತು. ಐದುನೂರು ಪೆಟ್ಟಿಗೆ. ಸರ್ಕಾರದ ಟಂಕಸಾಲೆಯ ನಾಣ್ಯವಲ್ಲ ಇದು. ಅಂಗಡಿಗೆ ಒಯ್ದರೆ ಕಡ್ಡಿಪೆಟ್ಟಿಗೆಯೂ ಬರುವುದಿಲ್ಲ. ಆದರೂ ಎಲ್ಲರೂ ನಾಣ್ಯ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ.

ಮೇಜಿನ ಸುತ್ತ ಮೂವರಿದ್ದರು. ಶೆಡ್ಡಿನ ಮಾಲೀಕರಾದ ಸೇಠರು. ಕಂಪನಿಯ ಮೇಡಂ, ಇಪ್ಪತ್ತೈದರ ಮೇಲೆ ವಯಸ್ಸಿಲ್ಲ, ಕೊರಳಲ್ಲಿ ಪಟ್ಟಿ, ಪಟ್ಟಿಯಲ್ಲಿ ಅವಳದೇ ಫೋಟೋ. ಇನ್ನೊಬ್ಬರು ಉಸ್ತಾದರು, ಬೀದರ ಕಡೆಯವರು, ಉಕ್ಕಿನಲ್ಲಿ ಅಚ್ಚು ಕೆತ್ತುವವರು. ಅವರು ಕೆತ್ತಿದ ಗುಂಡಿಯೊಳಗೆ ಬೆಳ್ಳಿ ಹೊಕ್ಕರೆ ಚಿತ್ರ ಏಳುತ್ತದೆ. ಹೊಗದಿದ್ದರೆ ಏಳುವುದಿಲ್ಲ.

ನನ್ನ ಕೆಲಸ ಒತ್ತಿ ಬಂದದ್ದನ್ನು ನೋಡುವುದು. ಒಳ್ಳೆಯದನ್ನು ಒಂದು ತಟ್ಟೆಗೆ, ಕೆಟ್ಟದ್ದನ್ನು ಇನ್ನೊಂದಕ್ಕೆ. ಕೆಟ್ಟದ್ದರ ನಡುಮಧ್ಯೆ ಉಳಿ ಇಟ್ಟು ಸುತ್ತಿಗೆಯಿಂದ ಒಂದೇಟು ಹಾಕಿ ಗೀರು ಎಳೆಯುವುದೂ ನನ್ನದೇ. ಗೀರು ಬಿದ್ದದ್ದನ್ನು ಯಾರೂ ಒಳ್ಳೆಯದೆಂದು ನಡೆಸಲಾರರು. ಆಮೇಲೆ ಅವು ಚೀಲ ಸೇರಿ ಬೆಳ್ಳಿ ಕೊಟ್ಟ ಧಣಿಗಳಿಗೆ ವಾಪಸ್ಸು ಹೋಗುತ್ತಿದ್ದವು. ಸಂಜೆ ಗೇಟಿನಲ್ಲಿ ಹೆಂಗಸರ ಮೈ ತಡವಿ ನೋಡುವ ಕೆಲಸವನ್ನೂ ನನಗೇ ಹಚ್ಚಿದ್ದರು. ನಾನೇ ಹಿರಿಯಳು, ವಿಧವೆ, ಯಾರಿಗೂ ಹೆದರುವವಳಲ್ಲ ಎಂದು.

ಮೇಡಂ ಮೊದಲು ಹೂವಿನ ಕಣಿವೆಯ ಚಿತ್ರ ಎತ್ತಿ ಹಿಡಿದಳು. ಉಸ್ತಾದರು ಕನ್ನಡಕ ಏರಿಸಿ ನೋಡಿ, ನನ್ನನ್ನು ಅವರು ಬಾಯಿ ಎಂದೇ ಕರೆಯುವುದು, ನನ್ನ ಕಡೆ ತಿರುಗಿ ಅಂದರು, “ಇಷ್ಟು ಸಣ್ಣ ಎಸಳು ಬೆಳ್ಳಿಯೊಳಗ ಏಳೂದಿಲ್ಲ ಬಾಯಿ. ಕಜ್ಜಿ ಆದಂಗ ಕಾಣ್ತದ.” ಸೇಠರು ಅದನ್ನು ಮೇಡಂಗೆ ಹಿಂದಿಯಲ್ಲಿ “ಸ್ವಲ್ಪ ಕಷ್ಟ” ಎಂದು ಮಾಡಿ ಹೇಳಿದರು. ತೂಗುಸೇತುವೆಯದು ಹೋಯಿತು, ಅದರ ತಂತಿಗಳು ಕೂದಲಿಗಿಂತ ಸಣ್ಣ. ಹಿಮದ ಬೆಟ್ಟ ಹೋಯಿತು, ಅದರಲ್ಲಿ ಏಳುವುದಕ್ಕೆ ಏನೂ ಇರಲಿಲ್ಲ. ಬಂಡೀಪುರದ ಆನೆ ಉಳಿಯಿತು. ಕಾಜಿರಂಗದ ಘೇಂಡಾಮೃಗ, ಸುಂದರಬನದ ಹುಲಿ ಉಳಿದವು. ಕಟ್ಟಡಗಳಲ್ಲಿ ಚಾರ್‌ಮಿನಾರ್, ಗೋಲಗುಮ್ಮಟ, ತಾಜ್‌ಮಹಲು, ಇಂಡಿಯಾ ಗೇಟು. ಮೇಡಂ ಯಾವ ಊರಿಗೆ ಪರದೇಶದವರು ಹೆಚ್ಚು ಹೋಗುತ್ತಾರೆ ಎಂದು ನೋಡಿದಳು, ಉಸ್ತಾದರು ಗೆರೆ ನೋಡಿದರು, ಸೇಠರು ಗೋಡೆಯ ಮೇಲಿನ ತಾರೀಖು ನೋಡಿದರು. ಏಳು ಆದವು.

ಎಂಟನೆಯದಕ್ಕೆ ಎರಡು ಚಿತ್ರ ಉಳಿದವು. ಒಂದು ಭರತಪುರದ ಕೆರೆ: ಖಾಲಿ ನೀರು, ನೀರಿನಲ್ಲಿ ಒಂಟಿ ಕಾಲಿನ ಮೇಲೆ ಒಂದು ಕೊಕ್ಕರೆ. ಇನ್ನೊಂದು ಶ್ರೀಶೈಲದ ಕಾಡು. ಬರೀ ಗಿಡಗಳನ್ನು ಬರೆದರೆ ಯಾವ ಕಾಡೆಂದು ಗೊತ್ತಾಗುವುದಿಲ್ಲ ಎಂದು ಚಿತ್ರಗಾರ ನಡುವೆ ಗುಡಿಯ ಶಿಖರ ನಿಲ್ಲಿಸಿದ್ದ. ಮೇಡಂಗೆ ಕೊಕ್ಕರೆಯೇ ಬೇಕಾಗಿತ್ತು. ಸೇಠರು ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಎರಡಕ್ಕೂ ಕಚ್ಚಾ ಅಚ್ಚು ಮಾಡಿ ಸೀಸದಲ್ಲಿ ಒತ್ತಿ ನೋಡೋಣ ಅಂದರು.

ಮೂರು ದಿನದ ಮೇಲೆ ಉಸ್ತಾದರು ಸೀಸದ ಬಿಲ್ಲೆ ಎರಡನ್ನೂ ನನ್ನ ಅಂಗೈಯಲ್ಲಿಟ್ಟರು. ಹೆಬ್ಬೆರಳು ಆಡಿಸಿದೆ.

“ಹಕ್ಕೀದು ನೂರಕ್ಕ ಮೂವತ್ತು ಹೋಗ್ತಾವ್ರಿ,” ಅಂದೆ. “ನೀರು ಖಾಲಿ ಐತಿ. ಉಗುರು ತಾಕಿದ್ರೂ ಕಾಣ್ತದ, ಉಸುರು ಬಿಟ್ರೂ ಕಾಣ್ತದ. ಇದರಾಗ ಗಿಡ ಭಾಳ ಅದಾವ, ಏನ್ ಗೀರು ಬಿದ್ರೂ ಮುಚ್ಕೊಂಡು ಹೋಗ್ತದ. ನೂರಕ್ಕ ಐದು ಹೋದ್ರ ಹೆಚ್ಚು.”

ಸೇಠರು ಆ ಐದನ್ನೇ ಹಿಡಿದುಕೊಂಡರು. ಹೀಗೆ ಶ್ರೀಶೈಲ ಆರಿಸಿದ್ದು ನಾನು. ನಮ್ಮ ಕಡೆಯವರು ಯುಗಾದಿಗೆ ಮುಂಚೆ ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೋಗುತ್ತಾರೆ. ದೂರದಿಂದ ಶಿಖರ ಕಂಡರೂ ಸಾಕು, ಮಲ್ಲಯ್ಯನನ್ನೇ ಕಂಡಂತೆ ಅನ್ನುತ್ತಾರೆ. ನಾನೂ ಒಮ್ಮೆ ಹೋಗಿದ್ದೆ. ಕಾಲಿನ ಬೊಬ್ಬೆ ನೆನಪಿದೆ, ಶಿಖರ ಅಷ್ಟಾಗಿ ನೆನಪಿಲ್ಲ. ಆರಿಸುವಾಗ ನನ್ನ ತಲೆಯಲ್ಲಿ ಮಲ್ಲಯ್ಯ ಇರಲಿಲ್ಲ, ಗೀರು ಇತ್ತು.

ದೊಡ್ಡ ಪ್ರೆಸ್ಸಿನ ಮೇಲೆ ಕೂರುತ್ತಿದ್ದವಳು ನನ್ನ ಗಂಡನ ಊರಿನವಳು, ಕಲಬುರ್ಗಿ ಕಡೆ. ಮೂವತ್ತು ಮೂವತ್ತೆರಡು ವಯಸ್ಸು. ಅವಳನ್ನು ಕೆಲಸಕ್ಕೆ ಕರೆತಂದವಳು ನಾನೇ, “ಇವಳ ಕೈ ಶುದ್ಧ, ನಾ ಹೊಣೆ” ಎಂದು ಸೇಠರ ಮುಂದೆ ಹೇಳಿದ್ದೆ. ದಿನಾ ಬೆಳಿಗ್ಗೆ ಪ್ರೆಸ್ಸನ್ನು ಮುಟ್ಟಿ ಬೆರಳು ಕಣ್ಣಿಗೊತ್ತಿಕೊಂಡೇ ಕೂರುವವಳು. ಮೊದಲ ಶ್ರೀಶೈಲದ ನಾಣ್ಯ ಹೊರಬಂದಾಗ ಇಕ್ಕಳದಿಂದ ತೆಗೆದು, ಇನ್ನೂ ಎಣ್ಣೆ ಒರೆಸಿರಲಿಲ್ಲ, ಹಾಗೇ ಕಣ್ಣಿಗೊತ್ತಿಕೊಂಡಳು.

“ಯಕ್ಕಾ, ಮಲ್ಲಯ್ಯ ನನ್ನ ಕೈಯಾಗ ಬಂದ ನೋಡ!”

“ಹುಬ್ಬಿಗಿ ಎಣ್ಣಿ ಹತ್ಯಾದ, ಒರಸ್ಕೊ,” ಅಂದೆ.

ಎಣ್ಣೆ ಒರೆಸಿ ಬೆಳಕಿಗೆ ಹಿಡಿದಾಗ ಗೊತ್ತಾಯಿತು. ಶಿಖರ ಎದ್ದಿತ್ತು, ಅದರ ತುದಿಗೆ ಕಳಶ ಇರಲಿಲ್ಲ.

ಚಿತ್ರದಲ್ಲಿ ಕಳಶ ಜೋಳದ ಕಾಳಿನಷ್ಟು. ಸರಿಯಾಗಿ ನಾಣ್ಯದ ನಟ್ಟನಡುವೆ ಬರುತ್ತಿತ್ತು. ಅಚ್ಚಿನಲ್ಲಿ ಎಲ್ಲಕ್ಕಿಂತ ಆಳವಾದ, ಎಲ್ಲಕ್ಕಿಂತ ಸಣ್ಣ ಗುಂಡಿ ಅದು. ಉಸ್ತಾದರು ಅಚ್ಚು ಬಿಚ್ಚಿ ನೋಡಿದರು, ಸೂಜಿಯಿಂದ ಗುಂಡಿ ಕೆದಕಿದರು, ಕಸ ಇರಲಿಲ್ಲ. ಮತ್ತೆ ಒತ್ತಿಸಿದರು. ಒಮ್ಮೆ ಬಂತು, ಎರಡು ಸಲ ಬರಲಿಲ್ಲ. ಆಮೇಲೆ ನಾಣ್ಯವನ್ನು ತಿರುವಿ ಹಿಂಬದಿಯ ಕಂಪನಿಯ ಗುರುತಿನ ಮೇಲೆ ಬೆರಳಿಟ್ಟರು. ನಡುವೆ ದಪ್ಪಗೆ ಎದ್ದ ಗುಂಡು, ಸುತ್ತ ಒಂದು ಬಳೆ.

“ದೇಖೋ ಬಾಯಿ. ಈ ಗುಂಡು ಬೆಳ್ಳಿ ಎಲ್ಲಾ ತಿಂತದ. ಅದರ ಬೆನ್ನಿಗೇ ಕಳಶ. ಅದಕ್ಕ ಏನೂ ಉಳ್ಯಾದಿಲ್ಲ.”

ಸೀಸದ ಬಿಲ್ಲೆಗೆ ಹಿಂಬದಿಯ ಗುರುತು ಒತ್ತಿರಲಿಲ್ಲ, ಅದಕ್ಕೇ ಅದರಲ್ಲಿ ಕಳಶ ಎದ್ದಿತ್ತು. ಆನೆಗೆ ಇದು ಅಡ್ಡಿಯಾಗಿರಲಿಲ್ಲ, ನಡುವೆ ಬರುವುದು ಅದರ ಹೊಟ್ಟೆ. ಗೋಲಗುಮ್ಮಟಕ್ಕೂ ಆಗಲಿಲ್ಲ. ಇದೊಂದಕ್ಕೇ ನಡುವೆ ಚೂಪು ತುದಿ. ಗುರುತನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡಿದರೆ ಸಾಕು, ಇಲ್ಲವೇ ಅತ್ತ ಸರಿಸಿದರೂ ಆಗುತ್ತದೆ ಎಂದು ಉಸ್ತಾದರು ಹೇಳಿದರು. ಸೇಠರು ಫೋನ್ ಮಾಡಿದರು. ಕಂಪನಿಯವರು ಆಗುವುದಿಲ್ಲ ಅಂದರು. ಗುರುತಿನ ಅಳತೆ, ಆಳ, ಜಾಗ, ಮೂರೂ ದೊಡ್ಡವರು ಕೂತು ಒಪ್ಪಿದ್ದಂತೆ. ಕಾಗದದಲ್ಲಿ ಬರೆದು ಕಳಿಸಿದರು: ಗುರುತಿಗೆ ಯಾರೂ ಕೈ ಹಚ್ಚಬಾರದು, ಕೆಟ್ಟ ನಾಣ್ಯದ ಮೇಲೂ ಗುರುತಿನ ಬದಿಗೆ ಗೀರು ಹಾಕಬಾರದು, ಚೀಲ ಬಿಚ್ಚಿ ನೋಡುತ್ತೇವೆ.

ಉಳಿದ ದಾರಿ ಒಂದೇ. ಬಿಲ್ಲೆಯನ್ನು ಭಟ್ಟಿಯಲ್ಲಿ ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಒಂದು ಸಲ ಒತ್ತುವುದು, ಮತ್ತೆ ಕಾಯಿಸಿ, ಹುಣಸೆ ನೀರಿನಲ್ಲಿ ತೊಳೆದು, ಅಚ್ಚಿನಲ್ಲಿ ಮೊದಲಿನ ಜಾಗಕ್ಕೇ ಕೂರಿಸಿ ಇನ್ನೊಂದು ಸಲ ಒತ್ತುವುದು. ಎರಡನೇ ಸಲ ಕೂದಲೆಳೆ ಆಚೀಚೆಯಾದರೆ ಶಿಖರ ಎರಡಾಗಿ ಕಾಣುತ್ತದೆ, ಅದೂ ಕೆಟ್ಟ ಹಾಗೇ. ನಾನು ನೂರಕ್ಕೆ ಐದು ಅಂದಿದ್ದೆ. ಮೊದಲ ದಿನ ನೂರಕ್ಕೆ ಇಪ್ಪತ್ತಾರು ಕೆಟ್ಟವು. ಸೇಠರು ನನ್ನ ಮುಖ ನೋಡಿ ಹೋದರು, ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಕೆಟ್ಟದ್ದನ್ನೆಲ್ಲ ನಾನು ಗೀರುತ್ತ ಬಂದೆ. ಪ್ರೆಸ್ಸಿನಿಂದ ನನ್ನ ಮೇಜು ಎಂಟು ಹೆಜ್ಜೆ. ಸುತ್ತಿಗೆ ಬಿದ್ದಾಗಲೆಲ್ಲ ಅವಳು ತಿರುಗಿ ನೋಡುತ್ತಿದ್ದಳು. ಊಟದ ಹೊತ್ತಿಗೆ ಬಂದು ನನ್ನ ಪಕ್ಕ ಕೂತಳು. ರೊಟ್ಟಿ ಬಿಚ್ಚಲಿಲ್ಲ.

“ಯಕ್ಕಾ, ನಡುವಿನಾಗ ಹಾಕಬ್ಯಾಡ. ಮಗ್ಗಲಿಗಿ ಹಾಕು, ಗಿಡದ ಮ್ಯಾಲ.”

“ನಡುವಿನಾಗನ ಹಾಕಬೇಕಂತ ಐತಿ.”

“ಮೊದಲಾ ಕಳಶ ಇಲ್ಲ. ಮ್ಯಾಲ ಉಳಿ ಏಟು. ಭಿನ್ನ ಆದದ್ದಕ್ಕ ಯಾರರ ಹೊಡೀತಾರೇನ?”

“ಭಿನ್ನ ಆಗ್ಯಾದಂತನ ಹೊಡ್ಯಾದು. ಚಂದ ಇದ್ರ ಮಖಮಲ್ಲಿನ್ಯಾಗ ಕುಂಡ್ರತಿತ್ತು. ರೊಟ್ಟಿ ತಿನ್ನು.”

ಭಿನ್ನವಾದ ಮೂರ್ತಿಯನ್ನು, ಹರಿದ ದೇವರ ಪಟವನ್ನು ನಮ್ಮ ಮಂದಿ ಒಡೆಯುವುದಿಲ್ಲ, ಬಿಸಾಡುವುದಿಲ್ಲ. ಹರಿವ ನೀರಿಗೆ ಬಿಡುತ್ತಾರೆ. ಇದು ನನಗೆ ಗೊತ್ತಿಲ್ಲದ ಮಾತಲ್ಲ. ಆದರೆ ಶೆಡ್ಡಿನೊಳಗೆ ಅದು ಬೆಳ್ಳಿ, ಶೆಡ್ಡಿನ ಹೊರಗೆ ದೇವರು, ಎಂದು ನಾನು ಇಟ್ಟುಕೊಂಡಿದ್ದೆ. ಅವಳಿಗೆ ಹಾಗೆ ಇಟ್ಟುಕೊಳ್ಳಲು ಬರಲಿಲ್ಲ.

ಎರಡನೇ ದಿನ ಸಂಜೆ ಎಣಿಸಿದಾಗ ಆರು ಕಡಿಮೆ ಬಂದವು. ಬೆಳಿಗ್ಗೆ ಕೊಟ್ಟ ಬಿಲ್ಲೆ ಎಷ್ಟೋ, ಸಂಜೆ ಒಳ್ಳೆಯದು ಕೆಟ್ಟದ್ದು ಸೇರಿ ಅಷ್ಟಾಗಬೇಕು. ನಾನು ಹತ್ತರ ಗುಡ್ಡೆ ಮಾಡಿ ಎಣಿಸುವವಳು. ಮೂರು ಸಲ ಎಣಿಸಿದೆ, ಮೂರು ಸಲವೂ ಆರು ಕಡಿಮೆ. ನಾನು ಶಾಲೆಗೆ ಹೋದದ್ದು ಎರಡು ವರ್ಷ. ನೂರು ದಾಟಿದ ಮೇಲೆ ನನ್ನ ಎಣಿಕೆಯ ಮೇಲೆ ನನಗೇ ನಂಬಿಕೆ ಇಲ್ಲ. ನಾನೇ ತಪ್ಪಿದ್ದೇನೆ ಅಂದುಕೊಂಡೆ. ಸೂಪರ್‌ವೈಸರ್ ತೆಲುಗಿನವನು, ನನ್ನ ಮಗನ ವಯಸ್ಸು.

“ಏಮಮ್ಮಾ, ಸರಿ ಇದೆಯಾ?” ಅಂದ.

ಅವನ ಮುಂದೆ ನನಗೆ ಎಣಿಸಲು ಬರಲಿಲ್ಲ ಅನ್ನುವುದಕ್ಕೆ ನಾಚಿಕೆಯಾಯಿತು. “ಸರಿ ಐತಿ,” ಅಂದೆ. ಮೂರನೇ ದಿನ ಏಳು ಕಡಿಮೆ. ಆವತ್ತೂ ಸರಿ ಐತಿ ಅಂದೆ.

ನಾಲ್ಕನೇ ದಿನ ಮಧ್ಯಾಹ್ನ ಅವನು ಹೇಳದೆ ಕೇಳದೆ ತಕ್ಕಡಿ ತಂದು ಚೀಲ ತೂಗಿದ. ಹದಿಮೂರು ನಾಣ್ಯದಷ್ಟು ತೂಕ ಕಡಿಮೆ ಬಂತು. ಉಳಿದವರಿಗೆ ಕೇಳಿಸದಂತೆ ಅಂದ, “ಸಂಜೆ ಗೇಟಲ್ಲಿ ಸರಿಯಾಗಿ ನೋಡಮ್ಮಾ. ಯಾರ ಹತ್ತಿರವೂ ಸಿಗದಿದ್ದರೆ ಎರಡು ದಿನ ಸರಿ ಇದೆ ಅಂದವಳು ನೀನು. ಆಮೇಲೆ ಅದು ನಿನ್ನ ತಲೆಗೇ.”

ಗೇಟಿನ ಪಕ್ಕ ತಗಡಿನ ಮರೆ ಇತ್ತು. ಒಬ್ಬೊಬ್ಬರೇ ಬರುತ್ತಿದ್ದರು. ದಿನಾ ಮೇಲೆ ಮೇಲೆ ತಡವಿ ಬಿಡುತ್ತಿದ್ದೆ, ಹೆಂಗಸರು ನಗುತ್ತಿದ್ದರು, “ಯಕ್ಕಾ, ಕಚಗುಳಿ ಆಗ್ತದ” ಎಂದು ಚೇಷ್ಟೆ ಮಾಡುತ್ತಿದ್ದರು. ಆವತ್ತು ಗಟ್ಟಿಯಾಗಿ ತಡವಿದೆ. ಯಾರೂ ನಗಲಿಲ್ಲ. ಅವಳು ಏಳನೆಯವಳು. ಕುಪ್ಪಸದ ಕೆಳಗೆ, ಸೊಂಟದ ಎಡಕ್ಕೆ ಬಟ್ಟೆಯ ಗಂಟು ಸಿಕ್ಕಿತು. ಬಟ್ಟೆಯ ಮೇಲಿಂದಲೇ ನಾಣ್ಯದ ಅಂಚಿನ ಹಲ್ಲು ಬೆರಳಿಗೆ ತಿಳಿಯಿತು.

“ಯಕ್ಕಾ, ಇವತ್ತೊಂದಿನ ಬಿಡು. ಓಣ್ಯಾಗ ಎಲ್ಲಾ ಹೇಳ್ತೀನಿ. ನಿನ್ನ ಕಾಲು ಬೀಳ್ತೀನಿ.”

ಬಿಡಬಹುದಾಗಿತ್ತು. ಬಿಟ್ಟಿದ್ದರೆ ಕಳ್ಳಿ ನಾನಾಗುತ್ತಿದ್ದೆ. ನಾನು ಸೂಪರ್‌ವೈಸರ್‌ನನ್ನು ಕೂಗಿದೆ. ಇದನ್ನು ಬೇರೆ ಥರ ಹೇಳಲು ನನಗೆ ಬರುವುದಿಲ್ಲ.

ಗಂಟಿನಲ್ಲಿ ಆರು ಇದ್ದವು. ಉಳಿದವು ಎಲ್ಲಿ ಎಂದರೆ ಮನೆಯಲ್ಲಿ ಅಂದಳು. ಅವನು, ನಾನು, ಅವಳು ನಡೆದೇ ಓಣಿಗೆ ಹೋದೆವು, ಇನ್ನೂ ಬೆಳಕಿತ್ತು. ಒಂದೇ ಕೋಣೆ. ಗೋಡೆಯ ಗೂಡಿನಲ್ಲಿ ದೇವರು. ದೇವರ ಮುಂದೆ ಹಿತ್ತಾಳೆ ತಾಟು, ತಾಟಿನಲ್ಲಿ ವೀಳ್ಯದೆಲೆ, ಎಲೆಯ ಮೇಲೆ ಹದಿಮೂರು ನಾಣ್ಯ. ಒಂದೊಂದನ್ನೂ ಒರೆಸಿ ವಿಭೂತಿ ಹಚ್ಚಿದ್ದಳು. ಒಂದರ ಮೇಲೂ ಕಳಶ ಇರಲಿಲ್ಲ. ಸೂಪರ್‌ವೈಸರ್ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಿದ್ದ. ಯಾರೂ ಹೇಳಿರಲಿಲ್ಲ.

“ಈ ತಿಂಗಳು ಊರವರು ಶ್ರೀಶೈಲಕ್ಕ ನಡೀತಾರ,” ಅಂದಳು. “ಅವರ ಕೈಯಾಗ ಕೊಟ್ಟು ಪಾತಾಳಗಂಗ್ಯಾಗ ಬಿಡಸಬೇಕಂತ ಮಾಡಿದ್ದೆ. ಇಲ್ಲೇ ಮೂಸಿ ಹೊಳ್ಯಾಗ ಹ್ಯಾಂಗ ಬಿಡ್ಲಿ ಯಕ್ಕಾ, ಆ ಹೊಲಸು ನೀರಾಗ? ಒಂದರ ಮಾರೀನೇನ ಕೇಳು. ಒಂದರ ಕಡಿಮಿ ಐತೇನ ನೋಡು.”

ಕಡಿಮೆ ಇರಲಿಲ್ಲ. ಬಾಗಿಲಲ್ಲಿ ಆಗಲೇ ಮಂದಿ ಕೂಡಿತ್ತು. ನಮ್ಮ ಓಣಿಯ ಹೆಂಗಸರು ನಾಚಾರಂನ ಹತ್ತೆಂಟು ಶೆಡ್ಡುಗಳಲ್ಲಿ ಕೆಲಸಕ್ಕಿದ್ದರು. ಯಾರಿಗೂ ಕಾಗದ ಇಲ್ಲ, ಪತ್ರ ಇಲ್ಲ; ಒಬ್ಬಳು ಇನ್ನೊಬ್ಬಳ ಕೈ ಶುದ್ಧ ಎಂದು ಹೇಳಿ ಸೇರಿಸಿದ್ದು. ಹಿಂದಿನಿಂದ ಯಾರೋ ಅಂದರು, “ಏ ಹುಚ್ಚಿ, ನಿನ್ನ ಭಕ್ತ್ಯಾಗ ನಮ್ಮ ಹೊಟ್ಟಿ ಮ್ಯಾಲ ಹೊಡದ್ಯಲ್ಲ. ನಾಳಿಂದ ನಮ್ಮನ್ನ ಯಾವ ಗೇಟಿನ್ಯಾಗ ಬಿಡ್ತಾರ?”

ಮರುದಿನ ಬೆಳಿಗ್ಗೆ ಸೇಠರು ಹತ್ತೊಂಬತ್ತನ್ನೂ ನನ್ನ ಮೇಜಿನ ಮೇಲಿಟ್ಟರು. ಎಲ್ಲರನ್ನೂ ಕರೆಸಿದರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ನಾನೂ ನನ್ನದನ್ನು ಹೇಳಿದೆ: “ಎರಡು ದಿನ ಲೆಕ್ಕ ಸರಿ ಐತಿ ಅಂತ ಸುಳ್ಳು ಹೇಳಿದಾಕಿ ನಾನು. ಮೊದಲನೇ ದಿನನ ಹೇಳಿದ್ರ ಆರಕ್ಕ ಮುಗೀತಿತ್ತು.” ಅದಕ್ಕೆ ಅವರು ಕೈ ಬೀಸಿದರು, ನೊಣ ಓಡಿಸಿದ ಹಾಗೆ.

ಅವರು ಕೆಟ್ಟ ಮನುಷ್ಯರಲ್ಲ. ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ನಾನು ನಂಬಿದೆ. ಆದರೆ ನಾನೊಬ್ಬ ನಂಬಿದರೆ ಸಾಲದು. ಇವಳನ್ನು ಹಾಗೇ ಬಿಟ್ಟರೆ ನಾಳೆ ಇನ್ನೊಬ್ಬಳು ತಾಜ್‌ಮಹಲು ಒಯ್ದು ಇನ್ನೊಂದು ದೇವರ ಹೆಸರು ಹೇಳುತ್ತಾಳೆ. ಇವಳೇ ತನ್ನ ಕೈಯಾರೆ, ಎಲ್ಲರೂ ನೋಡುವಾಗ, ಹತ್ತೊಂಬತ್ತಕ್ಕೂ ಗೀರು ಹಾಕಲಿ. ಹಾಕಿದರೆ ಮಾತು ಇಲ್ಲಿಗೆ ಮುಗಿಯಿತು, ಈ ಗೇಟಿನ ಹೊರಗೆ ಹೋಗುವುದಿಲ್ಲ. ಇಲ್ಲವಾದರೆ ಪೊಲೀಸ್. ಆ ಓಣಿಯ ಒಬ್ಬಳೂ ಇಲ್ಲಿಗೆ ಬರುವುದು ಬೇಡ, ಬೇರೆ ಶೆಡ್ಡಿನವರಿಗೂ ಹೇಳುತ್ತೇನೆ.

“ಸೇಠಜಿ, ನಾ ಹಾಕ್ತೀನಿ, ಆಕಿ ಬಾಜೂಕ ನಿಂದರಲಿ,” ಅಂದೆ. ಬೇಡ ಅಂದರು.

ನಾಣ್ಯ ಒಂದನ್ನು ತಿರುವಿ ಇಟ್ಟೆ. “ಹಂಗಾದ್ರ ಈ ಕಡಿ ಹಾಕ್ಲಿ. ಗೀರು ಯಾವ ಕಡಿ ಬಿದ್ರೇನು, ಕೆಟ್ಟದ್ದು ಕೆಟ್ಟದ್ದ.”

ಸೂಪರ್‌ವೈಸರ್ ಜೇಬಿನಿಂದ ಕಂಪನಿಯ ಕಾಗದ ತೆಗೆದ. ಸೇಠರು ಅದನ್ನು ನೋಡಲೂ ಇಲ್ಲ. “ಅವರ ಗುರುತಿನ ಮೇಲೆ ಉಳಿಯಾ? ತಲೆ ಕೆಟ್ಟಿದೆಯಾ ನಿನಗೆ? ಆರ್ಡರೇ ಹೋಗುತ್ತದೆ,” ಅಂದರು. ನಾಣ್ಯವನ್ನು ತಾವೇ ಮತ್ತೆ ಶಿಖರ ಮೇಲಾಗಿ ತಿರುವಿದರು.

ಉಸ್ತಾದರು ಗೋಡೆಗೆ ಆತು ನಿಂತಿದ್ದರು. ಅವಳಿಗೆ ಧೈರ್ಯ ಹೇಳಲೆಂದೋ ಏನೋ, ಅಂದರು, “ಬೇಟಿ, ಚಾರ್‌ಮಿನಾರಿನ ಮ್ಯಾಲ ಮಸೂತಿ ಐತಿ. ಈ ಬಾಯಿ ಅದನ್ನ ಗೀರುವಾಗ ನಾನು ಆ ಕಡಿ ಮುಖ ಮಾಡ್ತೀನಿ. ಅಷ್ಟ.” ಒಂಬತ್ತು ವರ್ಷದಿಂದ ಅವರ ಎದುರೇ ಕೂತು ಉಳಿ ಹೊಡೆದಿದ್ದೇನೆ, ಅವರು ಎಲ್ಲಿ ನೋಡುತ್ತಾರೆಂದು ನೋಡಿರಲಿಲ್ಲ.

ಅವಳು ನಮ್ಮ ಓಣಿಯ ಹೆಂಗಸರ ಕಡೆ ನೋಡಿದಳು. ಶೆಡ್ಡಿನಲ್ಲಿ ನಾವು ಐದು ಮಂದಿ ಇದ್ದೆವು. ಒಬ್ಬಳು ತಲೆ ತಗ್ಗಿಸಿದಳು, ಉಳಿದವರು ತಗ್ಗಿಸಲಿಲ್ಲ. ಆಮೇಲೆ ಅವಳು ನನ್ನ ಸ್ಟೂಲಿನ ಮೇಲೆ ಕೂತು ಉಳಿ ಎತ್ತಿಕೊಂಡಳು.

“ಯಕ್ಕಾ, ನೀ ಹ್ಯಾಂಗ ಹಾಕ್ತಿದ್ದಿ? ಕಣ್ಣು ಮುಚ್ಚಿ?”

“ಕಣ್ಣು ಮುಚ್ಚಿದ್ರ ಬೆರಳು ಹೋಗ್ತಾವ,” ಅಂದೆ. “ಉಳಿ ನೆಟ್ಟಗ ಹಿಡಿ. ಒಂದ ಏಟು. ಎರಡನೇದು ಬ್ಯಾಡ.”

ಮೊದಲನೆಯದಕ್ಕೆ ಏಟು ಸಾಲಲಿಲ್ಲ. ಉಳಿ ಜಾರಿ ಗಿಡಗಳ ಮೇಲೆ ಹೋಯಿತು. “ಇನ್ನೊಂದು,” ಅಂದ ಸೂಪರ್‌ವೈಸರ್. ಇನ್ನೊಂದು ಹಾಕಿದಳು. ಎರಡನೆಯದೂ ಹಾಗೇ ಆಯಿತು. ಮೂರನೆಯದರಿಂದ ಉಳಿಯನ್ನು ಶಿಖರದ ತುದಿಗೆ, ಕಳಶ ಇರಬೇಕಾಗಿದ್ದ ಜಾಗಕ್ಕೇ ಇಟ್ಟಳು. ಅಲ್ಲಿಂದ ಒಂದೊಂದೇ ಏಟು. ವಿಭೂತಿ ಹಚ್ಚಿದವು ಬಂದಾಗ ಬೂದಿ ಹಾರಿ ಅವಳ ಕೈಮೇಲೆ ಬಿತ್ತು. ಅಳಲಿಲ್ಲ. ಹತ್ತೊಂಬತ್ತೂ ಆದ ಮೇಲೆ ಉಳಿಯನ್ನು ಸೆರಗಿನಿಂದ ಒರೆಸಿ ನಾನು ಇಡುವ ಜಾಗದಲ್ಲೇ ಇಟ್ಟಳು. ಎಂಟು ಹೆಜ್ಜೆ ನಡೆದು ಪ್ರೆಸ್ಸಿನ ಮೇಲೆ ಕೂತಳು. ಪ್ರೆಸ್ಸನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲಿಲ್ಲ. ನೇರವಾಗಿ ಪೆಡಲ್ ತುಳಿದಳು.

ಸೇಠರು ಮಾತಿಗೆ ತಪ್ಪಲಿಲ್ಲ. ಗೇಟಿನ ಹೊರಗೆ ಸುದ್ದಿ ಹೋಗಲಿಲ್ಲ, ಓಣಿಯವರ ಕೆಲಸ ಉಳಿಯಿತು. ಓಣಿಯವರು ಅವಳೊಂದಿಗೆ ಮಾತಾಡುತ್ತಿದ್ದರು. ಅವಳೇ ಕಡಿಮೆ ಮಾಡಿದಳು.

ಅದಾದ ಮೂರನೇ ದಿನ ಮೇಡಂ ಬಂದಳು. ಪ್ರವೇಶದ ದಿನ ಹತ್ತಿರ ಬಂದಿತ್ತು, ನಮ್ಮ ಪೆಟ್ಟಿಗೆಗಳು ಅರ್ಧವೂ ತುಂಬಿರಲಿಲ್ಲ. ಶ್ರೀಶೈಲದ್ದೇ ಹಿಂದೆ ಬಿದ್ದದ್ದು ಎಂದು ಸೇಠರು ಹೇಳಿ, ಒಂದು ಒಳ್ಳೆಯದು ಒಂದು ಕೆಟ್ಟದ್ದು ಅವಳ ಅಂಗೈಯಲ್ಲಿಟ್ಟರು. ಅವಳು ಇದನ್ನು ನೋಡಿದಳು, ಅದನ್ನು ನೋಡಿದಳು.

“ಎರಡೂ ಒಂದೇ ಅಲ್ಲವಾ?” ಅಂದಳು.

ಸೇಠರು ಪೆನ್ನಿನ ತುದಿಯಿಂದ ತೋರಿಸಿದರು. ಇಲ್ಲಿ ಇದೆ, ಇಲ್ಲಿ ಇಲ್ಲ.

“ಓ, ಇದಾ? ಇದು ಯಾರಿಗೆ ಕಾಣುತ್ತದೆ? ಪಾಸ್ ಮಾಡಿಬಿಡಿ.” ನಾಣ್ಯ ತಿರುವಿ ಹಿಂಬದಿಯ ಗುರುತಿನ ಮೇಲೆ ಹೆಬ್ಬೆರಳು ಆಡಿಸಿದಳು. “ಲೋಗೋ ಮಾತ್ರ ತುಂಬಾ ಚೆನ್ನಾಗಿ ಬಂದಿದೆ.”

ಒಳ್ಳೆಯ ಹುಡುಗಿ. ಹೋಗುವಾಗ ನನಗೂ ಥ್ಯಾಂಕ್ಸ್ ಹೇಳಿ ಹೋದಳು. ಆವತ್ತಿನಿಂದ ಕಳಶ ಇಲ್ಲದ್ದೂ ಪಾಸ್. ಅಂದರೆ ಆ ಹತ್ತೊಂಬತ್ತೂ ಪಾಸ್ ಆಗುವಂಥವೇ, ಅದಕ್ಕೆ ಮೊದಲು ನಾನು ಗೀರಿದವುಗಳಲ್ಲೂ ಮುಕ್ಕಾಲು ಪಾಲು. ಸೇಠರು ಕಾಗದ ಮಡಚಿದರು, ಉಸ್ತಾದರು ಬೀಡಿಗೆ ಹೊರಗೆ ಹೋದರು. ಪ್ರೆಸ್ಸಿನ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ನಾನು ಆ ಕಡೆ ನೋಡಲಿಲ್ಲ.

ಊರವರು ಶ್ರೀಶೈಲಕ್ಕೆ ಹೊರಟ ಸುದ್ದಿ ಬಂದಾಗ ಓಣಿಯವರು ಕಾಯಿ, ಊದಿನಕಡ್ಡಿ ಕಟ್ಟಿ ಬಸ್ಸಿಗೆ ಕೊಟ್ಟು ಕಳಿಸಿದರು. ನೀನೇನು ಕಳಿಸುತ್ತೀ ಎಂದು ಅವಳನ್ನು ಕೇಳಿದೆ. “ನನ್ನ ಹತ್ರ ಏನೈತಿ ಯಕ್ಕಾ ಕಳಸಾಕ?” ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಉಪ್ಪು ಮುಗಿದಿದೆ ಅನ್ನುವ ಹಾಗೆ ಅಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಂದು ಕಂಪನಿಯ ಕೆಲಸ ಬಂತು. ಮತ್ತೆ ಕಾಡು, ಮತ್ತೆ ಕಟ್ಟಡ, ಈ ಸಲ ಆರು ನಾಣ್ಯ, ಹನ್ನೆರಡು ಚಿತ್ರ. ನನ್ನ ಮೇಜು ಒರೆಸಿಸಿ ಹರಡಿದರು. ಯಾವುದು ಕಡಿಮೆ ಕೆಡುತ್ತದೆ ನೋಡಮ್ಮಾ ಎಂದು ಸೇಠರು ನನ್ನನ್ನೇ ಕೇಳಿದರು. ನಾನು ಪ್ರೆಸ್ಸಿನವಳನ್ನು ಕರೆದೆ. ಅವಳು ಕೈ ಒರೆಸಿಕೊಂಡು ಬಂದು ನಿಂತಳು. ಹನ್ನೆರಡರಲ್ಲಿ ಎರಡು ಗುಡಿ, ಒಂದು ದರ್ಗಾ ಇದ್ದವು. ಅಕ್ಕಿಯಲ್ಲಿ ಕಲ್ಲು ನೋಡುವಷ್ಟು ಹೊತ್ತೂ ಅವಳು ನೋಡಲಿಲ್ಲ.

“ಯಾವುದರ ಇರ್ಲಿ ಬಿಡ ಯಕ್ಕಾ. ಎಲ್ಲಾ ಬೆಳ್ಳೀನ.”

ಅಷ್ಟು ಹೇಳಿ ಪ್ರೆಸ್ಸಿಗೆ ಹೋದಳು. ನಾನು ಗುಡಿ ಎರಡನ್ನೂ ತೆಗೆದೆ. ದರ್ಗಾ ತೆಗೆದೆ. ಹಳೆಯ ಆಲದ ಮರದ್ದೊಂದಿತ್ತು, ಅದಕ್ಕೂ ಮಂದಿ ದಾರ ಸುತ್ತಿ ಕೈ ಮುಗಿಯುತ್ತಾರೆ, ಅದನ್ನೂ ತೆಗೆದೆ. ಉಳಿದವುಗಳ ಮೇಲೆ ಭರತಪುರದ ಕೆರೆಯ ಚಿತ್ರ ಇಟ್ಟೆ. ಅದೇ ಖಾಲಿ ನೀರು, ಅದೇ ಕೊಕ್ಕರೆ.

“ನೀರಿನ ಮೇಲೆ ಸಣ್ಣ ಗೀರೂ ಕಾಣುತ್ತದೆ ಅಂದವಳು ನೀನೇ ಅಲ್ಲವಾ?” ಅಂದ ಸೂಪರ್‌ವೈಸರ್.

ಕಾಣಲಿ ಅಂದೆ.